ಮೊದಲ ಸಲ ಮುಂಬೈಗೆ ನಾಲ್ಕು ಜನ ಹೋಗುತ್ತಿದ್ದೇವೆ, ರೂಮು ಎಲ್ಲಿ ಮಾಡಬೇಕು?

ಪ್ರಶ್ನೆ, ಶಿರಸಿಯಿಂದ:

ನಮಸ್ಕಾರ ಅಣ್ಣಾ. ನೀವು ಮುಂಬೈನ ಹೋಟೆಲ್‌ಗಳಲ್ಲಿ ರಿಸೆಪ್ಷನ್ ಕೆಲಸದಲ್ಲಿದ್ದೀರಿ ಅಂತ ಗೊತ್ತಾಯಿತು, ಅದಕ್ಕೆ ಕೇಳುತ್ತಿದ್ದೇನೆ. ನಾವು ಈವರೆಗೆ ಧರ್ಮಸ್ಥಳ, ಮೈಸೂರು ಬಿಟ್ಟು ಎಲ್ಲೂ ಹೋದವರಲ್ಲ. ಈ ಸಲ ಮುಂಬೈ ನೋಡಲೇಬೇಕು ಅಂತ ಹೊರಟಿದ್ದೇವೆ. ನಾನು, ಯಜಮಾನರು, 9 ವರ್ಷದ ಮಗಳು, 70 ದಾಟಿದ ಅತ್ತೆ. ಅತ್ತೆಗೆ ಮಂಡಿ ನೋವಿದೆ, ಆದರೆ ನಡೆಯುತ್ತಾರೆ. ಡಿಸೆಂಬರ್ 3ಕ್ಕೆ ಕುಮಟಾದಲ್ಲಿ ಮತ್ಸ್ಯಗಂಧ ಹತ್ತಿ 4ರ ಶುಕ್ರವಾರ ಬೆಳಿಗ್ಗೆ ಇಳಿಯುತ್ತೇವೆ. 8ರ ಮಂಗಳವಾರ ಮಧ್ಯಾಹ್ನ ಅದೇ ರೈಲಿಗೆ ವಾಪಸ್.

ರೂಮಿಗೆ ದಿನಕ್ಕೆ 4,000 ರೂಪಾಯಿವರೆಗೆ ಕೊಡಬಹುದು. ದೊಡ್ಡಪ್ಪನ ಮಗ ನವಿ ಮುಂಬೈನ ವಾಶಿಯಲ್ಲಿದ್ದಾನೆ. "ಇಲ್ಲೇ ಹತ್ತಿರ ಒಳ್ಳೆ ಹೋಟೆಲ್ 1,800ಕ್ಕೆ ಸಿಗುತ್ತದೆ, ಸುಮ್ನೆ ಯಾಕೆ ದುಡ್ಡು ಸುರಿಯುತ್ತೀರಿ" ಅನ್ನುತ್ತಾನೆ. ಅವನ ಮಾತು ಕೇಳುವುದೇ ಸರಿಯಾ? ನಮ್ಮ ಪಟ್ಟಿ ಹೀಗಿದೆ: ಶುಕ್ರವಾರ ಗೇಟ್‌ವೇ, ಮ್ಯೂಸಿಯಂ, ಮರೀನ್ ಡ್ರೈವ್. ಶನಿವಾರ ಹಾಜಿ ಅಲಿ, ಮಹಾಲಕ್ಷ್ಮಿ, ಜುಹೂ. ಭಾನುವಾರ ಸಿದ್ಧಿವಿನಾಯಕ, ದಾದರ್ ಮಾರ್ಕೆಟ್. ಸೋಮವಾರ ಎಲಿಫೆಂಟಾ.

ಉತ್ತರ:

ಅಕ್ಕ, ಮೊದಲು ವಾಶಿ ವಿಷಯ ಮುಗಿಸುತ್ತೇನೆ. ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ. ಅದೇ ದುಡ್ಡಿಗೆ ಅಲ್ಲಿ ದೊಡ್ಡ ರೂಮು ಸಿಗುತ್ತದೆ, ಗಾಳಿ ಬೆಳಕೂ ಇರುತ್ತದೆ. ಆದರೆ ನಿಮ್ಮ ಪಟ್ಟಿಯಲ್ಲಿ ವಾಶಿ ಕಡೆಯದು ಒಂದೂ ಇಲ್ಲ. ವಾಶಿಯಿಂದ ಸಿಎಸ್‌ಎಂಟಿಗೆ, ಅಂದರೆ ಹಳೇ ವಿಟಿ ಸ್ಟೇಷನ್‌ಗೆ, ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಸ್ಟೇಷನ್ ತಲುಪುವುದು, ಟಿಕೆಟ್, ಇಳಿದು ಟ್ಯಾಕ್ಸಿ ಎಲ್ಲ ಸೇರಿದರೆ ಹೋಗಿ ಬರುವುದಕ್ಕೇ ಮೂರು ಗಂಟೆ. ಅದಕ್ಕಿಂತ ದೊಡ್ಡ ತೊಂದರೆ ರಶ್. ಮುಂಬೈ ಲೋಕಲ್ ಬೆಳಿಗ್ಗೆ 8ರಿಂದ 11ರವರೆಗೆ ದಕ್ಷಿಣಕ್ಕೆ, ಅಂದರೆ ಸಿಎಸ್‌ಎಂಟಿ, ಚರ್ಚ್‌ಗೇಟ್ ಕಡೆಗೆ ತುಂಬಿ ಬರುತ್ತದೆ. ಸಂಜೆ 5ರಿಂದ 9ರವರೆಗೆ ಅಲ್ಲಿಂದ ಹೊರಗೆ ತುಂಬಿ ಹೋಗುತ್ತದೆ. ವಾಶಿಯಲ್ಲಿ ಉಳಿದರೆ ನೀವು ಎರಡೂ ಹೊತ್ತು ಆ ಜನದ ಜೊತೆಗೇ ಹೋಗಬೇಕು. ಸಿಎಸ್‌ಎಂಟಿ ಪಕ್ಕದ ಫೋರ್ಟ್ ಕಡೆ ಉಳಿದರೆ ಎರಡೂ ಹೊತ್ತು ಅದರ ಎದುರು ದಿಕ್ಕಿಗೆ ಹೋಗುತ್ತೀರಿ, ಕೂರಲು ಸೀಟು ಸಿಗುತ್ತದೆ. ಅತ್ತೆ, ಮಗು ಇರುವಾಗ ಇದು ಸಣ್ಣ ವಿಷಯ ಅಲ್ಲ.

ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್ಪ ಅಮ್ಮನನ್ನು ಮೊದಲ ಸಲ ಕರೆಸಿದ್ದೆ. ದುಡ್ಡು ಉಳಿಸಲು ದೂರದಲ್ಲಿ ರೂಮು ಮಾಡಿಕೊಟ್ಟೆ. ಮೂರು ದಿನ ಬೆಳಿಗ್ಗೆ ಹೊರಟರೆ ರಾತ್ರಿಯೇ ವಾಪಸ್. ಎರಡನೇ ದಿನ ಮಧ್ಯಾಹ್ನ ಅಮ್ಮ ಗೇಟ್‌ವೇ ಎದುರಿನ ಕಟ್ಟೆ ಮೇಲೆ ಕೂತು, "ಎಲ್ಲಾದರೂ ಅರ್ಧ ಗಂಟೆ ಕಾಲು ಚಾಚಿ ಮಲಗುವ ಹಾಗಿದ್ದರೆ ಸಾಕಿತ್ತು" ಅಂದರು. ಹತ್ತಿರದಲ್ಲಿ ಅಂಥ ಜಾಗ ಇರಲಿಲ್ಲ. ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅದಕ್ಕೇ ವಯಸ್ಸಾದವರು, ಮಕ್ಕಳು ಇರುವ ಯಾರು ಕೇಳಿದರೂ ನಾನು ಒಂದೇ ಮಾತು ಹೇಳುವುದು: ಮಧ್ಯಾಹ್ನ ವಾಪಸ್ ಬಂದು ಮಲಗಿ ಮತ್ತೆ ಸಂಜೆ ಹೊರಡಲು ಆಗುವಷ್ಟು ಹತ್ತಿರ ರೂಮು ಮಾಡಿ. ರೂಮು ಚಿಕ್ಕದಾದರೂ ಪರವಾಗಿಲ್ಲ.

ಹಾಗಾಗಿ ನಿಮಗೆ ಫೋರ್ಟ್, ಸಿಎಸ್‌ಎಂಟಿ, ಚರ್ಚ್‌ಗೇಟ್ ಸುತ್ತಮುತ್ತ ನೋಡಿ. ಕೊಲಾಬಾದಲ್ಲೂ ಸಿಗುತ್ತದೆ, ಸ್ವಲ್ಪ ಜಾಸ್ತಿ. 4,000ಕ್ಕೆ ಐಷಾರಾಮಿ ರೂಮು ಸಿಗಲ್ಲ, ಚೊಕ್ಕ ರೂಮು ಸಿಗುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಈಗ ಜಿಎಸ್‌ಟಿ 5%, ಅದರ ಮೇಲಿದ್ದರೆ 18%. ತೋರಿಸಿದ ದರ ತೆರಿಗೆ ಸೇರಿಸಿಯೋ ಬಿಟ್ಟೋ ಅಂತ ಕೇಳಿಕೊಳ್ಳಿ.

ಆ್ಯಪ್‌ನಲ್ಲಿ ಮೂರು ನಾಲ್ಕು ಹೋಟೆಲ್ ಆರಿಸಿಕೊಂಡು, ಬುಕ್ ಮಾಡುವ ಮೊದಲು ಒಂದೊಂದಕ್ಕೂ ಫೋನ್ ಮಾಡಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಕೆಲಸಕ್ಕೆ ಬರುವುದು ಇದೇ. ಮೊದಲು ಲಿಫ್ಟ್ ಬಗ್ಗೆ ಕೇಳಿ. ಫೋರ್ಟ್‌ನ ಹಳೇ ಕಟ್ಟಡಗಳಲ್ಲಿ ಹೋಟೆಲ್ ಮೂರನೇ ಮಹಡಿಯಲ್ಲಿ ಇರುತ್ತದೆ. ಲಿಫ್ಟ್ ಇದೆ ಅನ್ನುತ್ತಾರೆ, ಆದರೆ ಲಿಫ್ಟಿನ ಹತ್ತಿರ ಹೋಗಲು ಹತ್ತು ಹದಿನೈದು ಮೆಟ್ಟಿಲು ಹತ್ತಬೇಕು. "ರಸ್ತೆಯಿಂದ ಲಿಫ್ಟಿಗೆ ಎಷ್ಟು ಮೆಟ್ಟಿಲು?" ಅಂತಲೇ ಕೇಳಿ. ಆಮೇಲೆ ಕಿಟಕಿ. ಇಲ್ಲಿ ಕಡಿಮೆ ದರದ ರೂಮಿಗೆ ಎಷ್ಟೋ ಕಡೆ ಕಿಟಕಿಯೇ ಇರುವುದಿಲ್ಲ, ಅಥವಾ ಪಕ್ಕದ ಗೋಡೆಗೆ ತೆರೆಯುತ್ತದೆ. ಫೋಟೋದಲ್ಲಿ ಪರದೆ ಎಳೆದಿದ್ದರೆ ಅನುಮಾನ ಪಡಿ. ಬಾತ್‌ರೂಮು ರೂಮಿಗೆ ಸೇರಿದ್ದೋ ಹೊರಗೋ, ಬಿಸಿನೀರು ಯಾವ ಹೊತ್ತಿಗೆ, ಕಮೋಡ್ ಯಾವ ಥರದ್ದು ಅಂತ ಕೇಳಿ. ಅತ್ತೆಗೆ ಶವರ್ ಅಭ್ಯಾಸ ಇರಲಿಕ್ಕಿಲ್ಲ. ಬಕೆಟ್, ಮಗ್ ಬೇಕು ಅಂತ ಮೊದಲೇ ಹೇಳಿದರೆ ತಂದಿಡುತ್ತಾರೆ.

ನಾಲ್ಕು ಜನಕ್ಕೆ ಒಂದೇ ರೂಮು ಅಂದರೆ "ಎಕ್ಸ್‌ಟ್ರಾ ಬೆಡ್" ಅನ್ನುತ್ತಾರೆ. ಹೆಚ್ಚಿನ ಕಡೆ ಅದು ನೆಲದ ಮೇಲೆ ಹಾಸುವ ಹಾಸಿಗೆ. ಮಂಡಿ ನೋವಿರುವವರು ನೆಲದಿಂದ ಏಳುವುದು ಕಷ್ಟ ಅಲ್ವಾ. ಅತ್ತೆ, ಮಗಳು ಮಂಚದ ಮೇಲೆ ಮಲಗಲಿ, ಹಾಸಿಗೆ ನಿಮಗೆ.

ಗುರುತಿನ ಚೀಟಿ ಮೂವರದೂ ಬೇಕು. ಆಧಾರ್ ಸಾಕು. ಪ್ಯಾನ್ ಕಾರ್ಡ್ ತಂದರೆ ನಡೆಯುವುದಿಲ್ಲ, ಅದರಲ್ಲಿ ವಿಳಾಸ ಇರುವುದಿಲ್ಲ. ಮಗಳದೂ ಒಂದು ಇಟ್ಟುಕೊಳ್ಳಿ.

ಈಗ ದಿನಗಳ ವಿಷಯ. ನಿಮ್ಮ ಪಟ್ಟಿಯಲ್ಲಿ ಎರಡು ಕಡೆ ತಪ್ಪಾಗಿದೆ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಅದನ್ನು ಶನಿವಾರ ಬೆಳಿಗ್ಗೆ ಇಡಿ. ಇನ್ನೊಂದು, ಭಾನುವಾರ ಡಿಸೆಂಬರ್ 6. ಅಂಬೇಡ್ಕರ್ ಅವರು 1956ರಲ್ಲಿ ತೀರಿಕೊಂಡ ದಿನ. ದಾದರಿನ ಚೈತ್ಯಭೂಮಿಗೆ ಗೌರವ ಸಲ್ಲಿಸಲು ಊರೂರಿನಿಂದ ಲಕ್ಷಾಂತರ ಜನ ಬರುತ್ತಾರೆ. ಹಿಂದಿನ ದಿನದಿಂದಲೇ ಶಿವಾಜಿ ಪಾರ್ಕ್ ಸುತ್ತ ರಸ್ತೆ ಬಂದ್ ಇರುತ್ತದೆ. ಆ ದಿನ ದಾದರ್, ಸಿದ್ಧಿವಿನಾಯಕ ಬೇಡ. ಭಾನುವಾರ ಲೋಕಲ್ ರೈಲಿಗೆ ಮೆಗಾ ಬ್ಲಾಕ್ ಕೂಡ ಇರುತ್ತದೆ, ಅಂದರೆ ಹಳಿ ರಿಪೇರಿಗೆ ಕೆಲವು ಗಂಟೆ ಕೆಲವು ಲೈನ್ ನಿಲ್ಲಿಸುತ್ತಾರೆ. ಭಾನುವಾರ ರೈಲು ಹತ್ತದೆ ನಡೆದೇ ನೋಡುವಂಥದ್ದು ಇಟ್ಟುಕೊಳ್ಳಿ.

ನಾನಾದರೆ ಹೀಗೆ ಮಾಡುತ್ತೇನೆ. ಶುಕ್ರವಾರ ಬೆಳಗಿನ ಹೊತ್ತಿಗೆ ಎಲ್‌ಟಿಟಿಯಲ್ಲಿ, ಅಂದರೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುತ್ತೀರಿ. ಹೋಟೆಲ್ ಚೆಕ್‌ಇನ್ ಹೆಚ್ಚಿನ ಕಡೆ ಮಧ್ಯಾಹ್ನ 12ಕ್ಕೋ 2ಕ್ಕೋ. ಬುಕ್ ಮಾಡುವಾಗಲೇ ಕೇಳಿ, ಹಿಂದಿನ ರಾತ್ರಿ ರೂಮು ಖಾಲಿ ಇದ್ದರೆ ಬೆಳಿಗ್ಗೆಯೇ ಕೊಡುತ್ತಾರೆ, ಕೆಲವರು ಸ್ವಲ್ಪ ಹಣ ಕೇಳುತ್ತಾರೆ. ಇಲ್ಲದಿದ್ದರೆ ಬ್ಯಾಗ್ ಇಡಲು, ಮುಖ ತೊಳೆಯಲು ಯಾರೂ ಬೇಡ ಅನ್ನುವುದಿಲ್ಲ. 24 ಗಂಟೆ ಲೆಕ್ಕದ ಹೋಟೆಲ್‌ಗಳೂ ಇವೆ, ಇಳಿದ ಹೊತ್ತಿನಿಂದ ದಿನ ಶುರು, ನಿಮ್ಮ ರೈಲಿಗೆ ಅದು ಒಳ್ಳೆಯದು. ಸ್ಟೇಷನ್‌ನಿಂದ ಟ್ಯಾಕ್ಸಿಯಲ್ಲೇ ಬನ್ನಿ. ಹೊರಗೆ ಆಟೋದವರು ಕರೆಯುತ್ತಾರೆ, ಆದರೆ ಆಟೋಗೆ ಸಯನ್, ಬಾಂದ್ರಾ ದಾಟಿ ಈಚೆ ಬರಲು ಅನುಮತಿಯೇ ಇಲ್ಲ. ನಡುವೆ ಇಳಿಸಿಬಿಡುತ್ತಾರೆ.

ಆ ದಿನ ಏನೂ ಇಟ್ಟುಕೊಳ್ಳಬೇಡಿ. ಮಲಗಿ ಎದ್ದು, ಸಂಜೆ 5ಕ್ಕೆ ಮರೀನ್ ಡ್ರೈವ್‌ಗೆ ಹೋಗಿ ಕಟ್ಟೆ ಮೇಲೆ ಕೂರಿ. ಸೂರ್ಯ ಎದುರೇ ಸಮುದ್ರಕ್ಕೆ ಇಳಿಯುತ್ತಾನೆ. ನಮ್ಮ ಕುಮಟಾ, ಗೋಕರ್ಣದಲ್ಲೂ ಅದೇ ಸಮುದ್ರ, ಅದೇ ಸೂರ್ಯ. ಆದರೆ ಬೆನ್ನ ಹಿಂದೆ ಇಡೀ ಊರಿನ ದೀಪ ಒಂದೊಂದಾಗಿ ಹೊತ್ತಿಕೊಳ್ಳುವುದನ್ನು ನಿಮ್ಮ ಮಗಳು ಮರೆಯುವುದಿಲ್ಲ.

ಶನಿವಾರ ಬೆಳಿಗ್ಗೆ 9ಕ್ಕೆಲ್ಲ ಗೇಟ್‌ವೇ ಹತ್ತಿರ ಇರಿ. 1924ರಲ್ಲಿ ಮುಗಿದ ಕಮಾನು ಅದು, ಪಕ್ಕದ ತಾಜ್ ಹೋಟೆಲ್ ಅದಕ್ಕಿಂತ ಹಳೆಯದು, 1903ರದ್ದು. ಅಲ್ಲಿಂದಲೇ ಎಲಿಫೆಂಟಾಗೆ ಬೋಟ್, ಒಂದು ಗಂಟೆ ದಾರಿ. ದ್ವೀಪದಲ್ಲಿ ಇಳಿದ ಮೇಲೆ ಪುಟ್ಟ ರೈಲಿದೆ, ಆಮೇಲೆ ಸುಮಾರು 120 ಮೆಟ್ಟಿಲು. ಅತ್ತೆಗೆ ಇದನ್ನು ಮೊದಲೇ ಹೇಳಿ, ಅವರೇ ತೀರ್ಮಾನ ಮಾಡಲಿ. ಕುರ್ಚಿಯಲ್ಲಿ ಹೊತ್ತು ಒಯ್ಯುವವರು ಇದ್ದಾರೆ, ದರ ಮೊದಲೇ ಮಾತಾಡಿ. ಆಗುವುದಿಲ್ಲ ಅಂದರೆ ಯಜಮಾನರೂ ಮಗಳೂ ಹೋಗಿ ಬರಲಿ, ನೀವು ಅತ್ತೆ ರೂಮಿನಲ್ಲಿ ಉಳಿಯಿರಿ. ಇಲ್ಲಿಯೂ ಹತ್ತಿರದ ರೂಮೇ ಕೆಲಸಕ್ಕೆ ಬರುವುದು. ಆದರೆ ಆ ಮೂರು ಮುಖದ ಶಿವನ ಎದುರು ನಿಲ್ಲಲು ಸಾಧ್ಯವಾದರೆ ಅತ್ತೆಯನ್ನು ಬಿಡಬೇಡಿ.

ಭಾನುವಾರ ಆಫೀಸುಗಳಿಗೆ ರಜೆ, ಫೋರ್ಟ್ ರಸ್ತೆಗಳು ಖಾಲಿ. ಬೆಳಿಗ್ಗೆ ಸಿಎಸ್‌ಎಂಟಿ ಕಟ್ಟಡವನ್ನು ಎದುರು ಬದಿಯಿಂದ ನೋಡಿ, ಆಮೇಲೆ ಮ್ಯೂಸಿಯಂ. ಅದರ ಹೆಸರು ಈಗ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಎರಡು ಗಂಟೆ ಸಾಕು, ಮಕ್ಕಳಿಗೆ ಅದಕ್ಕಿಂತ ಜಾಸ್ತಿ ತಡೆಯಲ್ಲ.

ಸೋಮವಾರ ಸಿದ್ಧಿವಿನಾಯಕ. ಮಂಗಳವಾರ ತುಂಬಾ ಜನ, ಆ ದಿನ ಬೇಡ. ಮೆಟ್ರೋ 3ನೇ ಲೈನ್ ಹಿಡಿಯಿರಿ, ಅದು ಕಫ್ ಪರೇಡ್‌ವರೆಗೆ ಪೂರ್ತಿ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ. ಸಿಎಸ್‌ಎಂಟಿ, ಚರ್ಚ್‌ಗೇಟ್ ಎರಡೂ ಕಡೆ ಹತ್ತಬಹುದು, ಸಿದ್ಧಿವಿನಾಯಕ ಅಂತಲೇ ಸ್ಟೇಷನ್ ಇದೆ. ಲಿಫ್ಟ್, ಎಸಿ ಎಲ್ಲ ಇದೆ, ಅತ್ತೆಗೆ ಲೋಕಲ್‌ಗಿಂತ ಎಷ್ಟೋ ವಾಸಿ. ಬರುವಾಗ ಸೈನ್ಸ್ ಸೆಂಟರ್ ಸ್ಟೇಷನ್‌ನಲ್ಲಿ ಇಳಿದು ನೆಹರೂ ಸೈನ್ಸ್ ಸೆಂಟರ್‌ಗೆ ಮಗಳನ್ನು ಕರೆದುಕೊಂಡು ಹೋಗಿ. ಜುಹೂ ಬಿಟ್ಟುಬಿಡಿ. ಕಾರವಾರದ ಕಡಲು ನೋಡಿದವರಿಗೆ ಅಷ್ಟು ದೂರ ಹೋಗಿ ನೋಡುವಂಥದ್ದು ಅಲ್ಲಿ ಇಲ್ಲ.

ಪ್ರಶ್ನೆ, ದಾವಣಗೆರೆಯಿಂದ:

ಸರ್, ನಾನು ಮ್ಯಾಪ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದೆ. "ಎರಡೇ ರೂಮು ಉಳಿದಿದೆ, ಈಗಲೇ ಕ್ಯೂಆರ್‌ಗೆ ಪೂರ್ತಿ ಹಣ ಹಾಕಿ" ಅಂದರು. ಹಾಕಬಹುದಾ?

ಉತ್ತರ:

ಬೇಡ ಸರ್. ಹೋಟೆಲ್ ಹೆಸರಿನಲ್ಲಿ ಬೇರೆ ಯಾರೋ ನಂಬರ್ ಹಾಕಿ ದುಡ್ಡು ಹೊಡೆಯುವುದು ತುಂಬಾ ನಡೆಯುತ್ತಿದೆ. ಹಣ ಕಟ್ಟಿದ ರಸೀದಿ ಹಿಡಿದು ರಾತ್ರಿ ನನ್ನ ಕೌಂಟರಿಗೆ ಬಂದ ಕುಟುಂಬಗಳನ್ನು ನೋಡಿದ್ದೇನೆ. ನಮ್ಮ ರಿಜಿಸ್ಟರಿನಲ್ಲಿ ಅವರ ಹೆಸರೇ ಇರುವುದಿಲ್ಲ. ಆ ಮುಖಗಳನ್ನು ನೋಡಲಾಗುವುದಿಲ್ಲ. ಎರಡು ಮೂರು ಕಡೆ ಸಿಗುವ ನಂಬರ್ ಒಂದೇನಾ ನೋಡಿ. ಕ್ಯೂಆರ್‌ನಲ್ಲಿ ಹೋಟೆಲ್ ಹೆಸರಿನ ಬದಲು ಯಾರದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಅವಸರ ಮಾಡಿದಷ್ಟೂ ಅನುಮಾನ ಇರಲಿ. "ಹೋಟೆಲ್‌ನಲ್ಲೇ ಹಣ ಕೊಡುವ" ಬುಕ್ಕಿಂಗ್ ಎಷ್ಟೋ ಆ್ಯಪ್‌ಗಳಲ್ಲಿ ಇರುತ್ತದೆ, ಅದನ್ನು ಮಾಡಿ. ದರ ಸ್ವಲ್ಪ ಜಾಸ್ತಿ ಇದ್ದರೂ ರದ್ದು ಮಾಡಿದರೆ ಹಣ ಹೋಗದ ಥರದ್ದನ್ನೇ ತೆಗೆದುಕೊಳ್ಳಿ.

ಪ್ರಶ್ನೆ, ಕಲಬುರಗಿಯಿಂದ:

ಅಣ್ಣಾ, ಜನವರಿಯಲ್ಲಿ ಬಿಕೆಸಿಯಲ್ಲಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಇಂಟರ್‌ವ್ಯೂ ಇದೆ. ಒಬ್ಬಳೇ ಬರುತ್ತಿದ್ದೇನೆ, ಎರಡು ದಿನ. ನಾನೂ ಫೋರ್ಟ್‌ನಲ್ಲೇ ಉಳಿಯಬೇಕಾ?

ಉತ್ತರ:

ಬೇಡ ತಂಗಿ, ನಿನ್ನ ಲೆಕ್ಕವೇ ಬೇರೆ. ನೀನು ದಾದರ್‌ನಲ್ಲಿ ಉಳಿ. ಉದ್ಯಾನ್ ಎಕ್ಸ್‌ಪ್ರೆಸ್ ದಾದರ್‌ನಲ್ಲಿ ನಿಲ್ಲುತ್ತದೆ, ಸಿಎಸ್‌ಎಂಟಿವರೆಗೆ ಹೋಗುವುದು ಬೇಕಿಲ್ಲ. ದಾದರ್‌ನಿಂದ ಬಿಕೆಸಿಗೆ ಅದೇ 3ನೇ ಲೈನ್ ಮೆಟ್ರೋ, ಕೆಲವೇ ಸ್ಟೇಷನ್. ಇಂಟರ್‌ವ್ಯೂ ದಿನ ಲೋಕಲ್ ರೈಲಿನ ಗದ್ದಲಕ್ಕೆ ಹೋಗಬೇಡ. ಹೋಗಲೇಬೇಕಾದರೆ ಮಹಿಳೆಯರ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಪ್ಲಾಟ್‌ಫಾರಂನಲ್ಲಿ ನಿಂತಿರುವ ಹೆಂಗಸರನ್ನು ಕೇಳು, ತೋರಿಸುತ್ತಾರೆ. ರೂಮು ಮುಖ್ಯ ರಸ್ತೆ ಮೇಲೆ ಇರಲಿ, ರಿಸೆಪ್ಷನ್‌ನಲ್ಲಿ ರಾತ್ರಿಯಿಡೀ ಜನ ಇರುತ್ತಾರಾ ಕೇಳು. ಒಬ್ಬಳೇ ಬಂದ ಹುಡುಗಿಯರ ರಿವ್ಯೂ ಹುಡುಕಿ ಓದು. ಐದು ಸ್ಟಾರ್, ಒಂದು ಸ್ಟಾರ್ ಬಿಟ್ಟು ಮೂರು ಸ್ಟಾರ್ ಕೊಟ್ಟವರು ಬರೆದದ್ದು ಓದು, ನಿಜ ಅಲ್ಲಿರುತ್ತದೆ.

ಕೆಲಸ ಮುಗಿದ ಮೇಲೆ ಪಕ್ಕದ ಮಾಟುಂಗಕ್ಕೆ ಹೋಗು. ನಮ್ಮವರ ಹಳೇ ಕೇರಿ ಅದು. ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ 1942ರಿಂದ ಬಾಳೆಲೆ ಊಟ ಹಾಕುತ್ತಿದ್ದಾರೆ. ಸೋಮವಾರ ಆದರೆ ತೆರೆದಿದೆಯಾ ಕೇಳಿಕೊಂಡು ಹೋಗು. ಒಬ್ಬಳೇ ಕೂತರೂ ಅಲ್ಲಿ ಒಂಟಿ ಅನ್ನಿಸುವುದಿಲ್ಲ. ಇಂಟರ್‌ವ್ಯೂ ಚೆನ್ನಾಗಿ ಆಗಲಿ.

ಮತ್ತೆ ಶಿರಸಿಯಿಂದ:

ಅಣ್ಣಾ, ಮೂರು ಕಡೆ ಫೋನ್ ಮಾಡಿದೆವು. ಒಂದರಲ್ಲಿ ಲಿಫ್ಟಿಗೆ 14 ಮೆಟ್ಟಿಲು ಅಂದರು, ಬಿಟ್ಟೆವು. ಇನ್ನೊಂದು 3,200, ಕಿಟಕಿ ಇಲ್ಲ, ಆದರೆ ಹೊಸದು. ಮೂರನೆಯದು ಸಿಎಸ್‌ಎಂಟಿಯಿಂದ ಐದು ನಿಮಿಷ, 3,900, ಹಳೇ ಕಟ್ಟಡ, ರಸ್ತೆ ಕಡೆ ಕಿಟಕಿ, ಲಿಫ್ಟ್ ನೆಲದಿಂದಲೇ. ಬೆಳಿಗ್ಗೆ 8ಕ್ಕೆ ರೂಮು ಕೊಡಲು 500 ಜಾಸ್ತಿ ಕೇಳಿದರು. ಅತ್ತೆ ಎಲಿಫೆಂಟಾಗೆ ಬಂದೇ ಬರುತ್ತೇನೆ ಅನ್ನುತ್ತಿದ್ದಾರೆ.

ಉತ್ತರ:

ಮೂರನೆಯದನ್ನೇ ಮಾಡಿ ಅಕ್ಕ. ಆ 500 ಕೊಟ್ಟುಬಿಡಿ. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದ ಅತ್ತೆಗೆ ಸ್ನಾನ ಮಾಡಿ ಮಲಗಲು ಸಿಗುತ್ತದೆ. ರಸ್ತೆ ಕಡೆ ಸದ್ದು ಇರುತ್ತದೆ, ಮೇಲಿನ ಮಹಡಿ ಕೇಳಿ. ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ, "ನಾಳೆ ಬೆಳಿಗ್ಗೆ 8ಕ್ಕೆ ಬರುತ್ತೇವೆ, ವಯಸ್ಸಾದವರಿದ್ದಾರೆ" ಅಂತ ನೆನಪು ಮಾಡಿ. ರಾತ್ರಿ ಪಾಳಿಯವರು ಬರೆದಿಟ್ಟುಕೊಳ್ಳುತ್ತಾರೆ. ಶನಿವಾರ ಬೋಟ್ ಹತ್ತುವಾಗ ಅತ್ತೆಯ ಕೈಯನ್ನು ಇಬ್ಬರು ಹಿಡಿದುಕೊಳ್ಳಿ, ದಡಕ್ಕೂ ಬೋಟಿಗೂ ನಡುವೆ ಸಂದು ಇರುತ್ತದೆ. ಒಳಗೆ ನಡುವಿನ ಸೀಟಿನಲ್ಲಿ ಕೂರಿಸಿ, ಅಲ್ಲಿ ಅಲುಗಾಟ ಕಡಿಮೆ.