'ಆರಂಭಿಕ ಕ್ವಾರ್ಟರ್‌ಬ್ಯಾಕ್' ಅಂದರೆ ಸರಿಯಾಗುತ್ತಾ?

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಬರೆಯುವಾಗ ಒಂದು ಪದ ಕಾಡುತ್ತಿದೆ. ಅಲ್ಲಿ ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರನೇ ಕ್ವಾರ್ಟರ್‌ಬ್ಯಾಕ್. ಯಾವಾಗಲೂ ಇರುವ ಜಗಳ: ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ 'ಸ್ಟಾರ್ಟರ್' ಯಾರು?

'ಆರಂಭಿಕ' ಅಂತ ಬರೆದರೆ ನಮ್ಮವರಿಗೆ ತಕ್ಷಣ ನೆನಪಾಗುವುದು ಕ್ರಿಕೆಟ್‌ನ ಓಪನರ್. ಅದು ಸರದಿಯ ಮಾತು. ಒಬ್ಬರು ಔಟಾದರೆ ಇನ್ನೊಬ್ಬರು ಬಂದೇ ಬರುತ್ತಾರೆ. ಇಲ್ಲಿ ಹಾಗಲ್ಲ. ಸ್ಟಾರ್ಟರ್ ಚೆನ್ನಾಗಿ ಆಡುತ್ತಿದ್ದರೆ ಇನ್ನೊಬ್ಬರು ಇಡೀ ಸೀಸನ್ ಬೆಂಚಿನಲ್ಲೇ ಕೂರಬೇಕಾಗಬಹುದು.

'ಮೊದಲ ಆಯ್ಕೆ' ಅನ್ನೋಣವೇ? 'ಮೊದಲ ಆಯ್ಕೆಯ ವಿಕೆಟ್‌ಕೀಪರ್' ಅನ್ನುತ್ತೇವಲ್ಲ, ಅದೂ ಒಬ್ಬರಿಗೇ ಸಿಗುವ ಜಾಗ. ಆದರೆ ಅಲಬಾಮಾ ತಂಡದ ಕಥೆ ಬರೆಯಲು ಹೋದರೆ ಇದೂ ಕೈಕೊಡುತ್ತದೆ. 2018ರ ಜನವರಿ 8ರಂದು ಅಟ್ಲಾಂಟಾದಲ್ಲಿ ಜಾರ್ಜಿಯಾ ವಿರುದ್ಧ ಫೈನಲ್. ಸ್ಟಾರ್ಟರ್ ಜೇಲನ್ ಹರ್ಟ್ಸ್. ಅರ್ಧ ಆಟ ಮುಗಿದಾಗ ಅಲಬಾಮಾ 0-13ರಿಂದ ಹಿಂದಿತ್ತು. ಕೋಚ್ ನಿಕ್ ಸೇಬನ್ ಹರ್ಟ್ಸ್‌ರನ್ನು ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಾಂಗೊವೈಲೋವಾನನ್ನು ಇಳಿಸಿದರು. ಹೆಚ್ಚುವರಿ ಅವಧಿಯಲ್ಲಿ ಅವನ 41 ಗಜಗಳ ಪಾಸಿನಿಂದ ಅಲಬಾಮಾ 26-23ರಲ್ಲಿ ಗೆದ್ದಿತು. ದಾಖಲೆಯಲ್ಲಿ ಆ ಪಂದ್ಯದ ಸ್ಟಾರ್ಟರ್ ಇವತ್ತಿಗೂ ಹರ್ಟ್ಸ್! ಮುಂದಿನ ಸೀಸನ್ನಿನ ಸ್ಟಾರ್ಟರ್ ಟುವಾ.

ಅಂದರೆ ಈ ಒಂದೇ ಪದಕ್ಕೆ ಎರಡು ಅರ್ಥ. ಆ ದಿನ ಆಟ ಶುರು ಮಾಡಿದವರು ಒಂದು, ಕೋಚ್ ನಂಬಿ ಜಾಗ ಕೊಟ್ಟವರು ಇನ್ನೊಂದು. ಮೊದಲನೆಯದಕ್ಕೆ ಹೆಸರುಪದವೇ ಬೇಡ, 'ಹರ್ಟ್ಸ್ ಆಟ ಶುರು ಮಾಡಿದರು' ಅಂದರೆ ಸಾಕು. ಜಗಳವೆಲ್ಲ ಎರಡನೆಯದರ ಬಗ್ಗೆ. ಅಲ್ಲಿ 'ಮೊದಲ ಆಯ್ಕೆ' ಒಗ್ಗುತ್ತದೆ ಅಂತ ನನಗನ್ನಿಸುತ್ತದೆ. ತಲೆಬರಹಕ್ಕಾದರೆ 'ಯಾರಿಗೆ ಪಟ್ಟ?' ಇನ್ನೂ ಚೆನ್ನ. (ಕ್ವಾರ್ಟರ್‌ಬ್ಯಾಕನ್ನು ಮಾತ್ರ ದಯವಿಟ್ಟು 'ಕ್ವಾರ್ಟರ್' ಅಂತ ಮೊಟಕು ಮಾಡಬೇಡಿ. ನಮ್ಮಲ್ಲಿ ಅದನ್ನು ಕೇಳುವ ಅಂಗಡಿಯೇ ಬೇರೆ.)

'ಬ್ಯಾಕಪ್'ಗೆ 'ಮೀಸಲು', 'ಬದಲಿ' ಎರಡೂ ಇವೆ. ಕೂತಿದ್ದಾಗ ಮೀಸಲು, ಇಳಿದ ಮೇಲೆ ಬದಲಿ ಅಂತ ಬಳಸುತ್ತಿದ್ದೇನೆ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಅದೇ ಜಾರ್ಜಿಯಾ ವಿರುದ್ಧ, ಟುವಾ ಗಾಯಗೊಂಡಾಗ ಬದಲಿಯಾಗಿ ಬಂದ ಹರ್ಟ್ಸ್ 35-28ರಲ್ಲಿ ಗೆಲ್ಲಿಸಿಕೊಟ್ಟರು.

ಉಳಿದಿದ್ದು 'ಬೆಂಚ್ ಮಾಡು'. 'ಕೈಬಿಟ್ಟರು' ಅಂದರೆ ತಂಡದಿಂದಲೇ ತೆಗೆದಂತೆ ಕೇಳುತ್ತದೆ, ಅಲ್ವಾ? 'ಹೊರಗೆ ಕೂರಿಸಿದರು' ಸ್ವಲ್ಪ ಉದ್ದವಾಯಿತು. ಕಬಡ್ಡಿ, ವಾಲಿಬಾಲ್ ವರದಿ ಮಾಡುವವರು ಇದಕ್ಕೆ ಏನು ಬಳಸುತ್ತೀರಿ?