ಅಪ್‌ಡೇಟ್: ಡಿಸ್ಕ್‌ನಲ್ಲಿ ಲೆಕ್ಕಕ್ಕೆ ಸಿಗದಿದ್ದ ಜಾಗ ಸಿಕ್ಕಿತು

ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ದೊಡ್ಡ ಫೈಲುಗಳನ್ನು ಅಳಿಸಿದ ಮೇಲೂ ಡಿಸ್ಕ್‌ನ ಖಾಲಿ ಜಾಗ ತೋರಿಸುವ ‘ಡಿಎಫ್’ ಆಜ್ಞೆ ಡಿಸ್ಕ್ ಭರ್ತಿ ಎನ್ನುತ್ತಿದೆ, ಫೈಲುಗಳ ಗಾತ್ರ ಕೂಡಿಸುವ ‘ಡಿಯು’ ಆಜ್ಞೆ ಅರ್ಧವೂ ತುಂಬಿಲ್ಲ ಎನ್ನುತ್ತಿದೆ ಎಂದು ಕೇಳಿದ್ದೆ. ಬಗೆಹರಿಯಿತು.

ಎರಡೂ ಸರಿಯಾಗಿಯೇ ಹೇಳುತ್ತಿದ್ದವು. ಅಳಿಸಿದಾಗ ಹೋಗುವುದು ಫೈಲಿನ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿರುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಡಿಯು ಹೆಸರಿರುವ ಫೈಲುಗಳನ್ನಷ್ಟೇ ಕೂಡಿಸುತ್ತದೆ, ಡಿಎಫ್ ಫೈಲ್ ಸಿಸ್ಟಮ್‌ನ (ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಲೆಕ್ಕವನ್ನೇ ಓದುತ್ತದೆ. ತೆರೆದಿರುವ ಫೈಲುಗಳನ್ನು ಪಟ್ಟಿ ಮಾಡುವ ‘ಎಲ್‌ಎಸ್‌ಒಎಫ್’ ಆಜ್ಞೆಯನ್ನು, ಅಳಿಸಿದ ಫೈಲುಗಳನ್ನಷ್ಟೇ ತೋರಿಸುವ ‘+ಎಲ್1’ ಆಯ್ಕೆಯೊಂದಿಗೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡಿಸಿದೆ. ಹಿನ್ನೆಲೆಯ ಸೇವೆಯೊಂದು ಅಳಿಸಿದ ಲಾಗ್ (ದಾಖಲೆ) ಫೈಲಿಗೆ ಇನ್ನೂ ಬರೆಯುತ್ತಲೇ ಇತ್ತು! ಆ ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಿದ ಕೂಡಲೇ ಜಾಗ ಮರಳಿತು.

ಈ ಆಯ್ಕೆ ಸೂಚಿಸಿದವರಿಗೆ ಮನಸಾರೆ ಧನ್ಯವಾದ. ಡಿಸ್ಕ್ ಫಾರ್ಮ್ಯಾಟ್ ಮಾಡುವುದು ತಪ್ಪಿತು. ಖಾಲಿ ಜಾಗ ಈಗಲೂ ತುಸು ಕಡಿಮೆ ಕಾಣುವುದಕ್ಕೆ ಕಾರಣ, ನನ್ನ ಡಿಸ್ಕ್‌ನ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4 ಸಾಮಾನ್ಯವಾಗಿ ಶೇ. 5ರಷ್ಟನ್ನು ರೂಟ್‌ಗಾಗಿ ಕಾದಿರಿಸುತ್ತದೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ.