ಕಾಂಗೋದಲ್ಲಿ ಕೋಬಾಲ್ಟ್ ಅಗೆಯುವವರನ್ನು ಕನ್ನಡದಲ್ಲಿ ಏನಂತ ಕರೆಯೋಣ?

ಗೆಳೆಯರೇ,

ಕಾಂಗೋದ ಕೋಬಾಲ್ಟ್, ಅಂದರೆ ಬ್ಯಾಟರಿಗಳಿಗೆ ಬಳಸುವ ಲೋಹದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ದೊಡ್ಡ ಯಂತ್ರಗಳಿಲ್ಲದೆ ಜನ ಕೈಯಾರೆ ಅದಿರು ಅಗೆಯುವ ‘ಆರ್ಟಿಸನಲ್ ಮೈನಿಂಗ್’ ಅನ್ನುವುದಕ್ಕೆ ಒಳ್ಳೆ ಪದ ಸಿಗುತ್ತಿಲ್ಲ. ನೇರವಾಗಿ ಕನ್ನಡಕ್ಕೆ ತಂದರೆ ‘ಕುಶಲಕರ್ಮಿ ಗಣಿಗಾರಿಕೆ’ ಆಗುತ್ತದೆ. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ. ಕುಶಲಕರ್ಮಿ ಅಂದ ಕೂಡಲೇ ಚನ್ನಪಟ್ಟಣದ ಗೊಂಬೆ ಮಾಡುವವರು ನೆನಪಾಗುತ್ತಾರೆ, ಅಲ್ವಾ?

ಕಾಂಗೋದ ಗಣಿ ಊರು ಕೋಲ್ವೇಜಿ ಸುತ್ತಮುತ್ತ ನಡೆಯುವುದೇ ಬೇರೆ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ನೂರಕ್ಕೆ ಸುಮಾರು 70 ಪಾಲು ಕಾಂಗೋದ್ದು. ಅದರಲ್ಲಿ ಜಾಸ್ತಿ ದೊಡ್ಡ ಕಂಪನಿಗಳ ಗಣಿಯದು. ಉಳಿದದ್ದನ್ನು ಹಾರೆ, ಸಲಿಕೆ ಹಿಡಿದು ಜನ ಅಗೆಯುತ್ತಾರೆ. ಬಾವಿಯಂಥ ಇಕ್ಕಟ್ಟಾದ ಗುಂಡಿಗೆ ಹಗ್ಗ ಹಿಡಿದು ಇಳಿಯುತ್ತಾರೆ. ಎಷ್ಟೋ ಕಡೆ ಮಣ್ಣು ಕುಸಿಯದಂತೆ ಆಸರೆ ಕೊಟ್ಟಿರುವುದಿಲ್ಲ. ಅದಿರನ್ನು ಚೀಲಕ್ಕೆ ತುಂಬಿ ಸೈಕಲ್ಲು, ಬೈಕಿನ ಮೇಲೆ ಮಂಡಿಗೆ ಸಾಗಿಸುತ್ತಾರೆ. ಅಲ್ಲಿ ಕೊಳ್ಳುವವನ ಕೈಯಲ್ಲಿ ಗ್ರೇಡ್, ಅಂದರೆ ಅದಿರಿನಲ್ಲಿ ಕೋಬಾಲ್ಟ್ ಎಷ್ಟಿದೆ ಅಂತ ಅಳೆಯುವ ಒಂದು ಪುಟ್ಟ ಯಂತ್ರ ಇರುತ್ತದೆ. ಅದು ತೋರಿಸಿದ ಅಂಕಿಯ ಮೇಲೆ ರೇಟು. ಯಂತ್ರವೂ ಅವನದೇ, ತಕ್ಕಡಿಯೂ ಅವನದೇ. ಅಗೆದವರು ಮಾತ್ರ ಬೇರೆ.

ಫ್ರೆಂಚಿನಲ್ಲಿ ಇವರನ್ನು ‘ಕ್ರೋಝರ್’ (creuseur) ಅನ್ನುತ್ತಾರೆ. ಅಗೆಯುವವ ಅಂತಷ್ಟೇ ಅರ್ಥ.

‘ಗಣಿಕೂಲಿ’ ಅನ್ನೋಣವೇ ಅಂದುಕೊಂಡೆ. ಆದರೆ ಇವರಲ್ಲಿ ಹೆಚ್ಚಿನವರು ದಿನಗೂಲಿಯವರಲ್ಲ. ಅಗೆದದ್ದನ್ನು ಮಾರಿದರೆ ದುಡ್ಡು, ಅದಿರು ಸಿಗದ ದಿನ ಏನೂ ಇಲ್ಲ. ‘ಅಕ್ರಮ ಗಣಿಗಾರಿಕೆ’ ಅಂತೂ ಬೇಡವೇ ಬೇಡ. ಆ ಮಾತು ಕೇಳಿದರೆ ನಮಗೆ ಬಳ್ಳಾರಿಯ ಜೆಸಿಬಿ, ಲಾರಿಗಳ ಸಾಲು ಕಣ್ಣಿಗೆ ಬರುತ್ತದೆ. ಕಾಂಗೋದ ಕಾನೂನು ಕೈಯಲ್ಲಿ ಅಗೆಯುವವರಿಗೆ ಅಂತಲೇ ಜಾಗ ಗುರುತಿಸಿ, ಕಾರ್ಡು ಕೊಡಬೇಕು ಅನ್ನುತ್ತದೆ. ಒಳ್ಳೆ ಅದಿರಿರುವ ನೆಲ ಬಹುಪಾಲು ಕಂಪನಿಗಳ ಗುತ್ತಿಗೆಯಲ್ಲಿದೆ. ಕೊಟ್ಟ ಜಾಗ ಸಾಲದೆ ಜನ ಅಲ್ಲಿಗೆ ನುಗ್ಗುತ್ತಾರೆ. ಇಡೀ ಕಸುಬಿಗೇ ‘ಅಕ್ರಮ’ ಅಂತ ಹೆಸರಿಟ್ಟರೆ ತಪ್ಪೆಲ್ಲ ಅವರ ತಲೆಗೇ ಕಟ್ಟಿದ ಹಾಗಾಗುತ್ತದೆ.

ಸದ್ಯಕ್ಕೆ ನಾನು ಬರೆದಿರುವುದು ‘ಕೈಗಣಿ’. ಕೈಮಗ್ಗ, ಕೈಗಾಡಿ ಇರುವಂತೆ. ಕೆಲಸ ಮಾಡುವವರು ‘ಕೈಗಣಿಯವರು’. ‘ಕೈಗಣಿಗಾರಿಕೆ’ ಅಂದರೆ ಮಾತ್ರ ತೊಡಕು. ಓದುವವರು ‘ಕೈಗಾರಿಕೆ’ ಅನ್ನುವುದೇ ಅಚ್ಚಿನಲ್ಲಿ ತಪ್ಪಾಗಿದೆ ಅಂದುಕೊಳ್ಳಬಹುದು.

ಇನ್ನೊಂದು ಮಾತು. ‘ಕಚ್ಚಾ ಅದಿರು ಚೀನಾಕ್ಕೆ ಹೋಗುತ್ತದೆ’ ಅಂತ ಸುಮ್ನೆ ಬರೆದುಬಿಡುತ್ತೇವೆ. ಅದು ಸರಿಯಲ್ಲ. ಕಾಂಗೋದಲ್ಲೇ ಅದಿರನ್ನು ಆಸಿಡ್ಡಿನಲ್ಲಿ ಕರಗಿಸಿ ಕೋಬಾಲ್ಟ್ ಹೈಡ್ರಾಕ್ಸೈಡ್ ಮಾಡುತ್ತಾರೆ. ಹೆಚ್ಚಾಗಿ ಹೊರಗೆ ಹೋಗುವುದು ಅದು. ಬ್ಯಾಟರಿಗೆ ಬೇಕಾದಷ್ಟು ಶುದ್ಧ ಮಾಡುವ ಕೊನೆಯ ಹಂತ ಬಹುಪಾಲು ಚೀನಾದಲ್ಲಿ. ಮಾಲಿನ ಬೆಲೆ ಏರುವುದು ಆ ಹಂತದಲ್ಲಿ ಮತ್ತು ಅದರಾಚೆ. ನಡುಹಂತದ ಮಾಲಾದ ಈ ಹೈಡ್ರಾಕ್ಸೈಡಿಗೆ ‘ಅರೆಶುದ್ಧ ಕೋಬಾಲ್ಟ್’ ಅನ್ನಬಹುದೇ?

‘ಕ್ರಿಟಿಕಲ್ ಮಿನರಲ್’ಗೆ ಬಳಸುವ ‘ನಿರ್ಣಾಯಕ ಖನಿಜ’ದ ಬಗ್ಗೆ ನನಗೆ ತಕರಾರಿಲ್ಲ, ಪತ್ರಿಕೆಗಳಲ್ಲಿ ನೆಲೆಯಾಗಿದೆ.

ಸಂಡೂರು, ಹೊಸಪೇಟೆ ಕಡೆಯವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಕಬ್ಬಿಣದ ಅದಿರಿಗೆ ಭಾರೀ ಬೆಲೆಯಿದ್ದ ವರ್ಷಗಳಲ್ಲಿ ಅಲ್ಲಿ ಸಂಸಾರ ಸಮೇತ ಕೂತು ಸುತ್ತಿಗೆಯಲ್ಲಿ ಅದಿರು ಒಡೆಯುತ್ತಿದ್ದವರಿಗೆ ಊರಿನವರು ಏನನ್ನುತ್ತಿದ್ದರು? ಆ ಕೆಲಸಕ್ಕೆ, ಆ ಗುಂಡಿಗೆ, ಆ ರಾಶಿಗೆ ಬಳಕೆಯಲ್ಲಿದ್ದ ಮಾತುಗಳು ಯಾವುವಿದ್ದರೂ ಬರೆಯಿರಿ.